ಮೆಶ್ಶಾ, ನೋಡಲ್ಲಾ, ಥೆವೆನಿನ್ನಾ? ಒಂದೇ ಸರ್ಕ್ಯೂಟಿಗೆ ಎಲ್ಲ ಹಾಕಿ ನೋಡಿದ್ದು

"ಸರ್, ಇದಕ್ಕೆ ಯಾವ ಮೆಥಡ್ ಹಾಕ್ಬೇಕು?" ಡಿಪ್ಲೊಮಾ ಮಕ್ಕಳು ಸಂಜೆ ಟ್ಯೂಷನ್ನಿಗೆ ಬಂದ್ರೆ ಸರ್ಕ್ಯೂಟ್ ನೋಡುವ ಮೊದ್ಲೇ ಕೇಳುದು ಇದನ್ನ. ಪುಸ್ತಕದಲ್ಲಿ ಸರ್ಕ್ಯೂಟಿನ ಕರೆಂಟು ವೋಲ್ಟೇಜು ಲೆಕ್ಕ ಹಾಕುವ ಮೆಶ್, ನೋಡಲ್, ಥೆವೆನಿನ್ ಅಂತ ಎಲ್ಲ ಮೆಥಡ್ಡನ್ನೂ ಸಾಲಾಗಿ ಕೊಟ್ಟಿರ್ತಾರೆ, ಯಾವುದು ಯಾವಾಗ ಅಂತ ಹೇಳುದಿಲ್ಲ. ನಾನು ಕಾಸರಗೋಡಿನ ಬದಿಯಡ್ಕದ ಈಚೆ ಇರುವವ, ಹಗಲು ತೋಟದ ಪಂಪು ಸ್ಟಾರ್ಟರ್ ಕೆಲಸ, ಸಂಜೆ ಈ ಮಕ್ಕಳು. ಹಾಗಾಗಿ ಪರೀಕ್ಷೆಗೆ ಯಾವುದು ಒಳ್ಳೇದು, ಕೈಯಲ್ಲಿ ಮೀಟರ್ ಹಿಡ್ಕೊಂಡು ನಿಂತಾಗ ಯಾವುದು ಒಳ್ಳೇದು, ಎರಡೂ ಗೊತ್ತಾಗಿದೆ, ಮತ್ತೆ ಎರಡಕ್ಕೂ ಉತ್ತರ ಒಂದೇ ಅಲ್ಲ.

ಸರ್ಕ್ಯೂಟ್ ಎಲ್ಲದಕ್ಕೂ ಒಂದೇ ಇಟ್ಕೊಳ್ವ. 12 ವೋಲ್ಟ್ ಬ್ಯಾಟರಿ 2 ಓಮ್ ಮೂಲಕ ಒಂದು ಜಾಯಿಂಟಿಗೆ ಬರ್ತದೆ, 6 ವೋಲ್ಟ್ ಬ್ಯಾಟರಿ 3 ಓಮ್ ಮೂಲಕ ಅದೇ ಜಾಯಿಂಟಿಗೆ ಬರ್ತದೆ, ಜಾಯಿಂಟಿನಿಂದ ನೆಗೆಟಿವ್ ಲೈನಿಗೆ 6 ಓಮ್ ಲೋಡ್. ಅಷ್ಟೇ.

ಮೆಶ್ ಅಂದ್ರೆ ಸರ್ಕ್ಯೂಟಿನ ಪ್ರತಿ ಸುತ್ತಿಗೆ (ಲೂಪಿಗೆ) ಒಂದು ಕರೆಂಟು ಹಿಡಿದು ಲೆಕ್ಕ ಮಾಡುದು, ಇಲ್ಲಿ ಎರಡು ಲೂಪ್, ಐ1 ಐ2 ಅಂತ ಎರಡು ಕರೆಂಟು, ಎರಡು ಸಮೀಕರಣ. 8 ಐ1 − 6 ಐ2 = 12, ಇನ್ನೊಂದು −6 ಐ1 + 9 ಐ2 = −6. ಬಿಡಿಸಿದ್ರೆ 2 ಆಂಪ್, 0.67 ಆಂಪ್ ಬರ್ತದೆ, ಸರಿಯೇ. ಆದ್ರೆ ಮಕ್ಕಳು ಎಡವುದು ಯಾವಾಗ್ಲೂ ಒಂದೇ ಜಾಗದಲ್ಲಿ, ನಡುವಿನ 6 ಓಮಲ್ಲಿ ಎರಡು ಲೂಪಿನ ಕರೆಂಟು ಎದುರುಬದುರು ಹೋಗ್ತದಲ್ಲ, ಅಲ್ಲಿ ಪ್ಲಸ್ ಮೈನಸ್ ಹಾಳಾಗಿ ಮತ್ತೆ ಪೂರ್ತಿ ಪೇಜು ಹೋಗ್ತದೆ. ಇನ್ನೊಂದು ವಿಷ್ಯ, ಲೂಪ್ ಕರೆಂಟ್ ಅಂದ್ರೆ ಕೆಲವು ಕಡೆ ಬರೀ ಲೆಕ್ಕದ ಕರೆಂಟು, ಲೋಡಲ್ಲಿ ಹೋಗುದು ಅದೆರಡರ ವ್ಯತ್ಯಾಸ, ಅದನ್ನ ಮೀಟರಲ್ಲಿ ನೇರ ತೋರಿಸ್ಲಿಕ್ಕೆ ಆಗುದಿಲ್ಲ.

ನೋಡಲ್, ಅಂದ್ರೆ ಜಾಯಿಂಟಿನ ವೋಲ್ಟೇಜು ಹುಡುಕುವ ಮೆಥಡ್, ಹಾಕಿದ್ರೆ? ಕೆಳಗಿನ ನೆಗೆಟಿವ್ ಲೈನನ್ನ ಸೊನ್ನೆ ಅಂತ ಇಟ್ಟು ಜಾಯಿಂಟಿನ ವೋಲ್ಟೇಜು ವಿ ಅಂತ ಹಿಡಿದ್ರೆ ಒಂದೇ ಸಾಲು: (12 − ವಿ)/2 + (6 − ವಿ)/3 = ವಿ/6. ಆರರಿಂದ ಗುಣಿಸಿ, 48 = 6 ವಿ, ಅಲ್ಲಿಗೆ 8 ವೋಲ್ಟ್. ಮುಗೀತು. 12ರ ಬ್ಯಾಟರಿಯಿಂದ 2 ಆಂಪ್ ಬರ್ತದೆ, ಲೋಡಿಗೆ 1.33, ಉಳಿದ 0.67 ಹೋಗುದೆಲ್ಲಿಗೆ? 6 ವೋಲ್ಟಿನ ಬ್ಯಾಟರಿಯ ಒಳಗೆ! ಜಾಯಿಂಟಲ್ಲಿ 8 ಇರುವಾಗ 6ರ ಬ್ಯಾಟರಿ ಕೊಡುದು ಎಂತದು ಮಾರಾಯ್ರೆ, ಅದು ಚಾರ್ಜ್ ಆಗ್ತಾ ಉಂಟು. ಇದು ನೋಡಲ್ಲಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣ್ತದೆ, ಮೆಶ್ಶಲ್ಲಿ ಬಾಣದ ದಿಕ್ಕು ನೋಡಿ ಹುಡುಕ್ಬೇಕು. ಮತ್ತೆ ಆ 8 ವೋಲ್ಟ್ ಅಂದ್ರೆ ಕಪ್ಪು ಪ್ರೋಬ್ ಕೆಳಗಿಟ್ಟು ಕೆಂಪು ಪ್ರೋಬ್ ಜಾಯಿಂಟಿಗೆ ಇಟ್ರೆ ಮೀಟರ್ ತೋರಿಸುವ ನಂಬರೇ. ನನಗೆ ನೋಡಲ್ ಹಿಡಿಸಿದ್ದು ಇದಕ್ಕೇ.

ಹಾಗಂತ ಮೆಶ್ಶನ್ನ ಎಸಿಲಿಕ್ಕೆ ಆಗುದಿಲ್ಲ. ಎರಡು ಜಾಯಿಂಟಿನ ನಡುವೆ ರೆಸಿಸ್ಟರೇ ಇಲ್ಲದೆ ಬರೀ ವೋಲ್ಟೇಜ್ ಸೋರ್ಸ್ ಇದ್ರೆ ನೋಡಲ್ಲಲ್ಲಿ ಸೂಪರ್‌ನೋಡ್ ಅಂತ ಆ ಎರಡು ಜಾಯಿಂಟನ್ನ ಒಂದೇ ಅಂತ ಹಿಡಿದು ಸುತ್ತಿ ಬರ್ಬೇಕು, ಟ್ರಾನ್ಸ್‌ಫಾರ್ಮರಿನ ಹಾಗೆ ಕಾಯಿಲ್ಲಿಗೆ ಕಾಯಿಲ್ ಜೋಡಿ ಇದ್ರೆ ಮೆಶ್ಶೇ ಸಲೀಸು, ಯಾಕಂದ್ರೆ ಅಲ್ಲಿ ವೋಲ್ಟೇಜನ್ನ ಕರೆಂಟಿನ ಲೆಕ್ಕದಲ್ಲೇ ಬರೆಯುದು. ಒಂದರ ಗೆರೆ ಇನ್ನೊಂದರ ಮೇಲೆ ಹಾಯದ ಹಾಗೆ ಬಿಡಿಸ್ಲಿಕ್ಕೆ ಆಗದ ಸರ್ಕ್ಯೂಟಿಗೆ ಮಾತ್ರ ಮೆಶ್ ನಡೆಯುದಿಲ್ಲ, ನೋಡಲ್ಲಿಗೆ ಆ ಕಿರಿಕಿರಿ ಇಲ್ಲ. ಎರಡರ ಬುಡದಲ್ಲೂ ಇರುದು ಜರ್ಮನಿಯ ವಿಜ್ಞಾನಿ ಕಿರ್ಚಾಫ್ 1845ರಲ್ಲಿ, ಇನ್ನೂ ಓದುವ ಹುಡುಗ ಆಗಿರುವಾಗ್ಲೇ ಬರೆದ ಎರಡು ನಿಯಮ (ಜಾಯಿಂಟಿಗೆ ಬಂದಷ್ಟೇ ಕರೆಂಟು ಹೊರಗೆ ಹೋಗ್ತದೆ, ಲೂಪ್ ಪೂರ್ತಿ ಸುತ್ತಿದ್ರೆ ವೋಲ್ಟೇಜಿನ ಲೆಕ್ಕ ಸೊನ್ನೆ ಆಗ್ತದೆ), ನಮ್ಮ ಮಕ್ಕಳಿಗೆ ಇದನ್ನ ಹೇಳಿದ್ರೆ ಒಂದು ನಿಮಿಷ ನೆಟ್ಟಗೆ ಕೂರ್ತಾರೆ.

ಸೂಪರ್‌ಪೊಸಿಷನ್ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಇಲ್ಲ. ಒಂದು ಬ್ಯಾಟರಿ ಮಾತ್ರ ಇಟ್ಟು, ಇನ್ನೊಂದರ ಜಾಗಕ್ಕೆ ಬರೀ ವಯರ್ ಹಾಕಿ ಲೆಕ್ಕ ಮಾಡಿ, ಕೊನೆಗೆ ಕೂಡಿಸುದು: 12 ಒಂದೇ ಇದ್ರೆ ಜಾಯಿಂಟಲ್ಲಿ 6, 6 ಒಂದೇ ಇದ್ರೆ 2, ಕೂಡಿದ್ರೆ 8, ಚಂದ ಉಂಟು. ಆದ್ರೆ ಪವರ್ ಕೂಡಿಸ್ಲಿಕ್ಕೆ ಹೋದ್ರಿ ಅಂದ್ರೆ ಕೆಟ್ಟಿತು: 6 ವ್ಯಾಟ್ ಮತ್ತು 0.67 ವ್ಯಾಟ್ ಕೂಡಿ 6.67 ಅಂತೀರಿ, ನಿಜವಾಗಿ ಲೋಡಲ್ಲಿ ಬಿಸಿ ಆಗುದು 10.67 ವ್ಯಾಟ್. ಪ್ರಶ್ನೆಯಲ್ಲಿ ಕೇಳಿದ್ರೆ ಮಾತ್ರ ಹಾಕಿ.

ಥೆವೆನಿನ್ ಕಥೆ ಬೇರೆ, ಲೋಡ್ ಬಿಟ್ಟು ಉಳಿದ ಸರ್ಕ್ಯೂಟನ್ನೆಲ್ಲ ಒಂದು ಬ್ಯಾಟರಿ, ಅದರ ಜೊತೆ ಸೀರೀಸಲ್ಲಿ ಒಂದು ರೆಸಿಸ್ಟರ್ ಅಂತ ಹಿಡಿಯುದು. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಥೆವೆನಿನ್ ಇದನ್ನ ಪ್ರಕಟ ಮಾಡಿದ್ದು 1883ರಲ್ಲಿ, ಅದಕ್ಕೂ 30 ವರ್ಷ ಮೊದ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹೇಳಿ ಆಗಿತ್ತು, ಹೆಸರು ಉಳಿದದ್ದು ಇವನದ್ದು. ನಮ್ಮ ಸರ್ಕ್ಯೂಟಲ್ಲಿ ಲೋಡ್ ತೆಗೆದ್ರೆ 9.6 ವೋಲ್ಟ್, ಒಳಗಿನ ರೆಸಿಸ್ಟೆನ್ಸ್ 1.2 ಓಮ್. 6 ಓಮ್ ಹಾಕಿದ್ರೆ 8 ವೋಲ್ಟ್, 2.4 ಓಮ್ ಹಾಕಿದ್ರೆ 6.4, ಬಾಯಲ್ಲೇ ಹೇಳ್ಬಹುದು. ಲೋಡ್ ಒಂದೇ ಆದ್ರೆ ನೋಡಲ್‌ಗಿಂತ ಉದ್ದ, ಲೋಡ್ ಬದಲಾಗ್ತಾ ಇದ್ರೆ ಇದಕ್ಕೆ ಸಮ ಇಲ್ಲ.

ತೋಟದಲ್ಲಿ ನನಗೆ ದಿನಾ ಬೇಕಾಗುದು ಇದೇ, ಮೀಟರ್ ಬೋರ್ಡು ಬ್ಯಾಟರಿಯ ಜಾಗಕ್ಕೆ, ವಯರ್ ಒಳಗಿನ ರೆಸಿಸ್ಟೆನ್ಸಿನ ಜಾಗಕ್ಕೆ, ಪಂಪು ಲೋಡ್. ಮಾರ್ಚ್ ಏಪ್ರಿಲಲ್ಲಿ ಅಡಿಕೆಗೆ ನೀರು ಬಿಡುವ ಹೊತ್ತಿಗೆ "ಪಂಪು ಹೂಂ ಅಂತದೆ, ತಿರುಗುದಿಲ್ಲ, ಕರೆಂಟಾಫೀಸಿನವ್ರದ್ದೇ ತಪ್ಪು" ಅಂತ ಫೋನು. ಹೋಗಿ ನೋಡಿದ್ರೆ ಮೀಟರ್ ಬೋರ್ಡಲ್ಲಿ 215 ವೋಲ್ಟ್ ಉಂಟು, ಪಂಪು ಇರುದು 150 ಮೀಟರ್ ಕೆಳಗೆ, ಎಳೆದದ್ದು 2.5 ಸ್ಕ್ವೇರ್ ಎಂಎಂ ತಾಮ್ರದ ವಯರ್. ಅದು ಕಿಲೋಮೀಟರಿಗೆ 7.4 ಓಮ್ ಆಚೀಚೆ, ಹೋಗಿ ಬರುದು 300 ಮೀಟರ್, 2.2 ಓಮ್. ಕ್ಲ್ಯಾಂಪ್ ಮೀಟರಲ್ಲಿ 8 ಆಂಪ್ ಇದ್ರೆ ವಯರಲ್ಲೇ ಹತ್ತಿರ ಹತ್ತಿರ 18 ವೋಲ್ಟ್ ಹೋಯ್ತು. ಸ್ಟಾರ್ಟಾಗುವಾಗ ಮೋಟರ್ ಐದು ಪಟ್ಟು ಎಳೆದ್ರೆ 88 ವೋಲ್ಟ್, ಮತ್ತೆ ತಿರುಗುದು ಹೇಗೆ? ಮೋಟರ್ ಬರೀ ರೆಸಿಸ್ಟೆನ್ಸ್ ಅಲ್ಲ, ಫೇಸ್ ಆಂಗಲ್ ಉಂಟು, ವೋಲ್ಟೇಜ್ ಇಳಿದ್ರೆ ಎಳೆಯುವ ಕರೆಂಟೂ ಇಳಿತದೆ, ಎಲ್ಲ ಒಪ್ಪಿದೆ, ಆದ್ರೆ ವಯರ್ ಬದಲಿಸ್ಬೇಕಾ ಬೇಡ್ವಾ ಅಂತ ಹೇಳ್ಲಿಕ್ಕೆ ಈ ಲೆಕ್ಕ ಸಾಕು. 4 ಸ್ಕ್ವೇರ್ ಹಾಕಿದ್ರೆ ಅದೇ 8 ಆಂಪಿಗೆ ಡ್ರಾಪ್ 11ಕ್ಕೆ ಇಳಿತದೆ. ಇದಕ್ಕೆ ಮೆಶ್ ಬರೀತಾ ಕೂತ್ರೆ ಅಡಿಕೆ ಒಣಗಿ ಹೋದೀತು.

ಇನ್ನು ಸಿಮ್ಯುಲೇಟರ್, ಅಂದ್ರೆ ಕಂಪ್ಯೂಟರಲ್ಲೇ ಸರ್ಕ್ಯೂಟ್ ಕಟ್ಟಿ ಓಡಿಸಿ ನೋಡುದು. ಫಾಲ್‌ಸ್ಟ್ಯಾಡ್ ಅಂತ ಬ್ರೌಸರಲ್ಲೇ ಓಡುದು ಒಂದು, ಹಳದಿ ಚುಕ್ಕಿ ಹರಿದು ಕರೆಂಟು ತೋರಿಸ್ತದೆ, ವಯರಿಗೆ ಹಸಿರು ಅಂದ್ರೆ ಪಾಸಿಟಿವ್, ಕೆಂಪು ಅಂದ್ರೆ ನೆಗೆಟಿವ್. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿ, ಮತ್ತೆ ಇಂಗ್ಲಿಷ್ ಪುಸ್ತಕ, ಕ್ಲಾಸಲ್ಲಿ ಮಲಯಾಳ, ಈ ಮೂರರ ನಡುವೆ ಸಿಕ್ಕಿಬಿದ್ದ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದರಷ್ಟು ಉಪಕಾರ ಆದದ್ದು ಬೇರೆ ಇಲ್ಲ, ಚುಕ್ಕಿಗೆ ಭಾಷೆ ಬೇಡ. 6ರ ಬ್ಯಾಟರಿಯ ಒಳಗೆ ಚುಕ್ಕಿ ಹಿಂದೆ ಹೋಗುದನ್ನ ನೋಡಿದ್ರೆ ಮತ್ತೆ ವಿವರಿಸುವ ಕೆಲಸವೇ ಇಲ್ಲ. ಆದ್ರೆ ಮೊಬೈಲಲ್ಲಿ ಬೆರಳಿಂದ ವಯರ್ ಎಳೆಯುದು ರಗಳೆ.

ಎಲ್‌ಟಿಸ್ಪೈಸ್ ಅಂತ ಇನ್ನೊಂದು ಸಿಮ್ಯುಲೇಟರ್ ಉಂಟು, ಫ್ರೀ, ದೊಡ್ಡ ಕೆಲಸಕ್ಕೆ ಅದೇ, ಎರಡು ಲೂಪಿಗೆ ಹಾಕುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇದರ ಮೂಲ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ ಸ್ಪೈಸ್, ಅದು ಒಳಗೊಳಗೆ ಬಿಡಿಸುದೂ ನೋಡಲ್ ಸಮೀಕರಣವನ್ನೇ, ಅದಕ್ಕೇ ಗ್ರೌಂಡ್, ಅಂದ್ರೆ ಸೊನ್ನೆ ವೋಲ್ಟಿನ ಲೈನು, ಇಡದಿದ್ರೆ ತಕರಾರು ತೆಗಿತದೆ. ಒಂದು ಗುಂಡಿ ಮಾತ್ರ ನೋಡಿ ದಾಟಿ: ಅಲ್ಲಿ ಎಂ ಅಂದ್ರೆ ಮಿಲಿ, ಮೆಗಾ ಬೇಕಾದ್ರೆ ಮೆಗ್ ಅಂತ ಪೂರ್ತಿ ಹೊಡೀಬೇಕು. 12 ವೋಲ್ಟಿಗೆ ಎರಡು 1 ಮೆಗಾಓಮ್ ಸೀರೀಸಲ್ಲಿ ಹಾಕುವಾಗ ಬರೀ 1 ಎಂ ಅಂತ ಹೊಡೆದ್ರೆ ನಡುವೆ 6 ವೋಲ್ಟೇ ತೋರಿಸ್ತದೆ, ಎಲ್ಲ ಸರಿ ಅಂತ ಕಾಣ್ತದೆ, ಕರೆಂಟ್ ನೋಡಿದ್ರೆ 6000 ಆಂಪ್!

ಅದೇ ಎರಡು 1 ಮೆಗಾಓಮನ್ನ ಬೋರ್ಡಲ್ಲಿ ಕಟ್ಟಿ ಅಳೆದ್ರೆ ಇನ್ನೊಂದು ಮಜಾ ಉಂಟು. ಕಾಗದದ ಮೇಲೆ ಮೆಶ್, ನೋಡಲ್, ಯಾವುದು ಹಾಕಿದ್ರೂ 6 ವೋಲ್ಟ್. ಡಿಜಿಟಲ್ ಮೀಟರ್ 5.71 ತೋರಿಸ್ತದೆ. ಹಳೇ ಮುಳ್ಳಿನ ಮೀಟರ್, ವೋಲ್ಟಿಗೆ 20 ಕಿಲೋಓಮಿನದ್ದು, 10 ವೋಲ್ಟ್ ರೇಂಜಲ್ಲಿ 1.7 ತೋರಿಸ್ತದೆ! ಮಕ್ಕಳು ರೆಸಿಸ್ಟರ್ ಹಾಳು ಅಂತಾರೆ. ಹಾಳಾದದ್ದು ಎಂತದೂ ಇಲ್ಲ, ಮೀಟರ್ ಸಹ ಒಂದು ರೆಸಿಸ್ಟರೇ, ಡಿಜಿಟಲ್ ಸಾಮಾನ್ಯ 10 ಮೆಗಾಓಮ್, ಮುಳ್ಳಿನದ್ದು ಆ ರೇಂಜಲ್ಲಿ ಬರೀ 200 ಕಿಲೋಓಮ್, ಅದು ಕೆಳಗಿನ ರೆಸಿಸ್ಟರಿಗೆ ಪ್ಯಾರಲಲ್ ಬಂದು ಕೂರ್ತದೆ. ಎಲ್‌ಟಿಸ್ಪೈಸಿನ ಪ್ರೋಬಿಗೆ ಈ ದೋಷ ಇಲ್ಲ, ಅದು 6 ಅಂತಲೇ ಹಟ ಹಿಡಿತದೆ. ಜಾಯಿಂಟಿನಿಂದ ಗ್ರೌಂಡಿಗೆ 10 ಮೆಗ್ ಒಂದು ಹಾಕಿ ಮತ್ತೆ ರನ್ ಕೊಡಿ, ಅದೂ 5.71 ಹೇಳ್ತದೆ.