ಹುಲಿಪಟ್ಟೆ ಲೋಳೆಸರ: ಗಿಡಕ್ಕೆ ಪೂರ್ಣ ಅಂಕ, ಕುಂಡದ ಮಣ್ಣಿಗೆ ಸೊನ್ನೆ

ಆನ್‌ಲೈನ್ ನರ್ಸರಿಯೊಂದು ‘ಟೈಗರ್ ಅಲೋ’ ಎಂಬ ಹೆಸರಿನಲ್ಲಿ ಮಾರುವ ಈ ಗಿಡವನ್ನು ಮಳೆಗಾಲಕ್ಕೆ ಮೊದಲು, ಪುಟ್ಟ ಪ್ಲಾಸ್ಟಿಕ್ ಕುಂಡದ ಸಮೇತ 280 ರೂಪಾಯಿ ಕೊಟ್ಟು ಬೆಂಗಳೂರಿನ ನಮ್ಮ ಮನೆಗೆ ತರಿಸಿಕೊಂಡೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಲೋಳೆಸರದ ಕುಲಕ್ಕೇ ಸೇರಿಸಿ ಅಲೋ ವೇರಿಯಗೇಟಾ ಎಂದು ಹೆಸರಿಸಿದ್ದ. ಈಗ ಸಸ್ಯಶಾಸ್ತ್ರಜ್ಞರು ಗೋನಿಯಲೋ ಎಂಬ ಬೇರೆ ಕುಲದಲ್ಲಿಟ್ಟಿದ್ದಾರೆ. ನರ್ಸರಿಯವರಿಗೆ ಮಾತ್ರ ಇದು ಇನ್ನೂ ಅಲೋ.

ಬಂದದ್ದು ಅಸಲಿ ಗಿಡವೇ ಎಂಬುದು ಮೊದಲ ಸಮಾಧಾನ, ಏಕೆಂದರೆ ಇದೇ ಹೆಸರಿನಲ್ಲಿ ಹಾವರ್ಥಿಯಾ, ಗ್ಯಾಸ್ಟೀರಿಯಾ ಎಂಬ, ನೋಡಲು ಇದನ್ನೇ ಹೋಲುವ ಬೇರೆ ಗಿಡಗಳನ್ನು ಕಳಿಸುವವರೂ ಇದ್ದಾರೆ. ಗುರುತಿಸುವುದು ಕಷ್ಟವಲ್ಲ. ಎಲೆಗಳು ಮೂರು ಸಾಲುಗಳಲ್ಲಿ ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ. ಪ್ರತಿ ಎಲೆಯೂ ದೋಣಿಯಂತೆ ಮಡಿಚಿಕೊಂಡಿದ್ದು, ಕಡುಹಸಿರಿನ ಮೇಲೆ ಅಂಕುಡೊಂಕಾದ ಬಿಳಿ ಮಚ್ಚೆಗಳು ಅಡ್ಡಪಟ್ಟೆಗಳಾಗಿ ಕೂಡಿಕೊಂಡಿರುತ್ತವೆ. ಅಂಚಿನುದ್ದಕ್ಕೂ ಬಿಳಿ ಗೆರೆ, ಅದರಲ್ಲಿ ಬೆರಳಿಗೆ ಚುಚ್ಚದಷ್ಟು ಸಣ್ಣ ಹಲ್ಲುಗಳು. ಜೀಬ್ರಾ ಹಾವರ್ಥಿಯಾದಲ್ಲಾದರೋ ಬಿಳಿ ಗುರುತುಗಳು ಉಬ್ಬಿಕೊಂಡು ಕೈಗೆ ಒರಟಾಗಿ ತಾಗುತ್ತವೆ. ಇಲ್ಲಿ ಎಲೆಯ ಮೈ ನುಣುಪು.

ದಕ್ಷಿಣ ಆಫ್ರಿಕಾದ ಕರೂ ಬಯಲು ಮತ್ತು ನಮೀಬಿಯಾದ ದಕ್ಷಿಣ ಭಾಗ ಇದರ ತವರು. ಮಳೆ ಅಪರೂಪವಾದ ಆ ನೆಲದಲ್ಲಿ ಕಲ್ಲು, ಜಲ್ಲಿ ಬೆರೆತ ಗಟ್ಟಿ ಮಣ್ಣಿನಲ್ಲಿ, ಬಹುಮಟ್ಟಿಗೆ ಯಾವುದಾದರೊಂದು ಪೊದೆಯ ಮರೆಯಲ್ಲಿ, ಈ ಗಿಡ ಗುಂಪುಗುಂಪಾಗಿ ಬೆಳೆಯುತ್ತದೆ. ನೆಲದಡಿಯಲ್ಲಿ ಕುಡಿ ಚಾಚಿ ಪಕ್ಕದಲ್ಲೇ ಮರಿಗಳನ್ನು ಎಬ್ಬಿಸುತ್ತದೆ. ಬರ ಬಿದ್ದಾಗ ಎಲೆಯಲ್ಲಿ ಕೂಡಿಟ್ಟ ನೀರಿನಲ್ಲೇ ದಿನ ದೂಡುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಕೆಂಪು ಛಾಯೆಯ ಕೊಳವೆ ಹೂಗಳನ್ನು ಬಿಡುತ್ತದೆ, ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ಒಟ್ಟಿನಲ್ಲಿ ಅರೆನೆರಳು ಮತ್ತು ಬೇಗ ಒಣಗುವ ಮಣ್ಣು, ಇವೆರಡನ್ನೇ ಈ ಗಿಡ ಬೇಡುವುದು.

ಇಂಥ ಗಿಡವನ್ನು ನರ್ಸರಿಯವರು ಕಳಿಸಿದ್ದು ಅಪ್ಪಟ ತೆಂಗಿನ ನಾರಿನ ಪುಡಿಯಲ್ಲಿ, ಅದೂ ಹಿಂಡಿದರೆ ನೀರಿಳಿಯುವಷ್ಟು ಒದ್ದೆಯಾಗಿ. ಕುಂಡ ಹಗುರವಾದರೆ ಕೊರಿಯರ್ ಖರ್ಚು ತಗ್ಗುತ್ತದೆ ಎಂಬ ಅವರ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ನಾರಿನ ಪುಡಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಆಷಾಢದ ಜಿಟಿಜಿಟಿ ಮಳೆಯಲ್ಲಂತೂ ಬುಡ ಕೊಳೆಯಲು ಅಷ್ಟೇ ಸಾಕು. ಕುಂಡದಿಂದ ಬಿಡಿಸಿ ನೋಡಿದಾಗ ಕೆಳಗಿನ ಕೆಲವು ಬೇರುಗಳು ಕಂದಾಗಿ ಮೆತ್ತಗಾಗಿದ್ದವು. ಅವನ್ನು ಕತ್ತರಿಸಿ, ಗಾಯ ಒಣಗುವವರೆಗೆ ಗಿಡವನ್ನು ನೆರಳಿನಲ್ಲಿಟ್ಟು, ದಪ್ಪ ಮರಳು, ಇಟ್ಟಿಗೆ ಚೂರು ಮತ್ತು ಸ್ವಲ್ಪ ಕೆಂಪು ಮಣ್ಣು ಬೆರೆಸಿ ಮಣ್ಣಿನ ಕುಂಡದಲ್ಲಿ ನೆಟ್ಟ ಮೇಲೆ ಮಳೆಗಾಲವನ್ನು ಚೆನ್ನಾಗಿಯೇ ಕಳೆದು, ಬುಡದಲ್ಲಿ ಒಂದು ಮರಿಯನ್ನೂ ಹಾಕಿದೆ.

ಜೊತೆಗೆ ಬಂದ ಚೀಟಿಯಲ್ಲಿ ವಾರಕ್ಕೆರಡು ಬಾರಿ ನೀರು ಹಾಕಬೇಕೆಂದು ಅಚ್ಚಾಗಿದೆ; ಆ ಮಣ್ಣಿನಲ್ಲಿ ಈ ಸಲಹೆ ಪಾಲಿಸಿದರೆ ಗಿಡ ಉಳಿಯುವುದು ದುರ್ಲಭ. ಇದರ ಲೋಳೆಯನ್ನು ಮುಖಕ್ಕೆ ಹಚ್ಚಬಹುದೆಂಬ ಇನ್ನೊಂದು ಸಾಲೂ ಅಲ್ಲಿದೆ. ಅದು ನಮ್ಮ ಹಿತ್ತಲಿನ, ಅರೇಬಿಯಾ ಮೂಲದ ಲೋಳೆಸರಕ್ಕೆ ಹೇಳುವ ಮಾತು. ಇದು ನೋಡಲು ಬೆಳೆಸುವ ಗಿಡ, ನಾಲ್ಕು ಎಲೆ ಕೊಯ್ದರೆ ಅದರ ಅಂದವೇ ಹೋಗುತ್ತದೆ.

ಪ್ಯಾಕಿಂಗ್‌ಗೆ ಹೆಸರಿಡುವಂತಿಲ್ಲ: ಎಲೆಗಳಿಗೆ ಕಾಗದ ಸುತ್ತಿದ್ದರು, ಒಂದು ತುದಿಯೂ ಮುರಿದಿರಲಿಲ್ಲ. 280 ರೂಪಾಯಿ ಗಿಡಕ್ಕೆ ನ್ಯಾಯವಾದ ಬೆಲೆಯೇ. ಕೊಳ್ಳುವವರು ಆರ್ಡರ್ ಮಾಡುವಾಗಲೇ ಕುಂಡ ಬೇಡ, ಬೇರು ಬಿಡಿಸಿ ಒಣಗಿಸಿದ ಗಿಡವನ್ನೇ ಕಳಿಸಿ ಎಂದು ಬರೆದರೆ ಒಳ್ಳೆಯದು. ಸಾಧ್ಯವಾದರೆ ಮಳೆಗಾಲ ಕಳೆದ ಮೇಲೆಯೇ ತರಿಸಿಕೊಳ್ಳಿ.