ಐಪರ್ಫ್3ರ ಡಬ್ಲ್ಯೂ ಆಯ್ಕೆ: ಬಫರ್ ಗಾತ್ರ ಎಲ್ಲಿ ಕೈಕೊಡುತ್ತದೆ

ನೆಟ್‌ವರ್ಕಿನ ವೇಗ ಅಳೆಯಲು ಐಪರ್ಫ್3 ನಿಜಕ್ಕೂ ಒಳ್ಳೆಯ ಸಾಧನ. ಅದರ ಸಾಕೆಟ್ ಬಫರ್ (ಸಂಪರ್ಕದ ಡೇಟಾ ತಾತ್ಕಾಲಿಕವಾಗಿ ನಿಲ್ಲುವ ಮೆಮೊರಿ) ಆಯ್ಕೆ, ಅಂದರೆ ಮೈನಸ್ ಡಬ್ಲ್ಯೂ (-w), ಮಾತ್ರ ಅರಿತು ಮುಟ್ಟಬೇಕಾದ ಗುಂಡಿ. "ದೊಡ್ಡ ಬಫರ್ ಕೊಟ್ಟರೆ ದೊಡ್ಡ ವೇಗ" ಎಂದು ಸಂಖ್ಯೆ ತುಂಬಿದರೆ ಫಲಿತಾಂಶ ಕೆಡುವುದೇ ಹೆಚ್ಚು.

ಲಿನಕ್ಸಿನಲ್ಲಿ ಈ ಆಯ್ಕೆ ಬಳಸಿದೊಡನೆ ಆ ಸಾಕೆಟ್‌ನ ಬಫರ್ ಗಾತ್ರದ ಸ್ವಯಂ ಹೊಂದಾಣಿಕೆ ನಿಲ್ಲುತ್ತದೆ. ಬಿಟ್ಟಿದ್ದರೆ ಟಿಸಿಪಿ ಸ್ವೀಕರಿಸುವ ಬಫರ್ ಹಲವು ಯಂತ್ರಗಳಲ್ಲಿ 6 ಎಂಬಿ ತನಕ ತಾನೇ ಬೆಳೆಯುತ್ತಿತ್ತು. ಕೈಯಾರೆ ಕೊಟ್ಟ ಗಾತ್ರಕ್ಕಾದರೋ ಆರ್‌ಮೆಮ್ ಮ್ಯಾಕ್ಸ್ (ಸ್ವೀಕರಿಸುವ ಬಫರಿಗೆ), ಡಬ್ಲ್ಯೂಮೆಮ್ ಮ್ಯಾಕ್ಸ್ (ಕಳುಹಿಸುವ ಬಫರಿಗೆ) ಎಂಬ ಬೇರೆಯೇ ಮಿತಿ. ಅದು ಎಷ್ಟೋ ಕಡೆ ಬರೀ 212992 ಬೈಟ್. ಹಾಗಾಗಿ ಮೊದಲ ಓಟ ಯಾವಾಗಲೂ ಡಬ್ಲ್ಯೂ ಇಲ್ಲದೆಯೇ ಆಗಲಿ.

ಬೇಕಾದ ಗಾತ್ರದ ಲೆಕ್ಕ ಸುಲಭ: ಬ್ಯಾಂಡ್‌ವಿಡ್ತನ್ನು ಪಿಂಗ್ ತೋರಿಸುವ ಹೋಗಿಬರುವ ಸಮಯದಿಂದ ಗುಣಿಸಿ, 8ರಿಂದ ಭಾಗಿಸಿ. 1 ಜಿಬಿಪಿಎಸ್, 40 ಮಿಲಿಸೆಕೆಂಡ್ ಆದರೆ 5 ಎಂಬಿ. ಅದೇ ದಾರಿಯಲ್ಲಿ ಕಿಟಕಿ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳುಹಿಸಬಹುದಾದ ಡೇಟಾ) 212992 ಬೈಟಿಗೇ ನಿಂತರೆ ಸಿಗುವುದು ಸುಮಾರು 43 ಎಂಬಿಪಿಎಸ್. ಆಗ ದೋಷ ಲೈನಿನದಲ್ಲ, ಬಫರಿನದು.

ಇನ್ನೊಂದು ಸೂಕ್ಷ್ಮವಿದೆ. ಕೇಳಿದ ಗಾತ್ರವನ್ನು ಕರ್ನೆಲ್ (ಲಿನಕ್ಸಿನ ತಿರುಳು) ಆ ಮಿತಿಗೆ ಕತ್ತರಿಸಿ, ನಂತರ ಇಮ್ಮಡಿ ಮಾಡಿ ಇಟ್ಟುಕೊಳ್ಳುತ್ತದೆ. ಐಪರ್ಫ್3 ಕೇಳಿದ ಗಾತ್ರದೊಂದಿಗೆ ಹೋಲಿಸುವುದು ಈ ಇಮ್ಮಡಿ ಸಂಖ್ಯೆಯನ್ನೇ. ಮಿತಿ 212992 ಇರುವಲ್ಲಿ 512 ಕೆ ಕೇಳಿದರೆ ಬಫರ್ ಗಾತ್ರ ಸರಿಯಾಗಿ ಕೂರಲಿಲ್ಲವೆಂದು ದೋಷ ಕೊಟ್ಟು ನಿಲ್ಲುತ್ತದೆ. 400 ಕೆ ಕೇಳಿದರೆ ಚಕಾರವಿಲ್ಲ, ಏಕೆಂದರೆ 425984 ಅದಕ್ಕಿಂತ ದೊಡ್ಡದು. ಅಪಾಯ ಈ ಮೌನದಲ್ಲೇ. ಜೇಸನ್ ಔಟ್‌ಪುಟ್ ತೆಗೆದು ಕೇಳಿದ ಗಾತ್ರ, ನಿಜವಾಗಿ ಸಿಕ್ಕ ಗಾತ್ರ ಎರಡನ್ನೂ ನೋಡಿ. ಸಿಕ್ಕದ್ದು ಕೇಳಿದ್ದರ ಎರಡರಷ್ಟಿರಬೇಕು. ಆದರೂ ದೋಷ ಕೊಟ್ಟು ನಿಲ್ಲುವ ಈ ಗುಣ ಮೆಚ್ಚುವಂಥದ್ದು. ಹಳೆಯ ಐಪರ್ಫ್2 ಎಚ್ಚರಿಕೆಯೊಂದನ್ನು ಮುದ್ರಿಸಿ ಮುಂದೆ ಓಡುತ್ತದೆ.

ಕ್ಲೈಂಟಿನಲ್ಲಿ ಕೊಟ್ಟ ಗಾತ್ರವೇ ಸರ್ವರ್ ಯಂತ್ರಕ್ಕೂ ಹೋಗುತ್ತದೆ. ಆದ್ದರಿಂದ ಸಿಸ್‌ಕಂಟ್ರೋಲ್‌ನಲ್ಲಿ (ಕರ್ನೆಲ್ ಮಿತಿಗಳನ್ನು ಬದಲಿಸುವ sysctl ಆದೇಶ) ಎರಡೂ ಮಿತಿಗಳನ್ನು ಎರಡೂ ಯಂತ್ರಗಳಲ್ಲಿ ಏರಿಸಬೇಕು. ಮೇಲಿನ ಉದಾಹರಣೆಗೆ 8388608 ಸಾಕು. ಮೈನಸ್ ಪಿ (ದೊಡ್ಡಕ್ಷರದ -P) ಕೊಟ್ಟು ಹಲವು ಸ್ಟ್ರೀಮ್ ಓಡಿಸಿದರೆ ಪ್ರತಿಯೊಂದಕ್ಕೂ ಅಷ್ಟೇ ಬಫರ್, ಮೆಮೊರಿಯ ಲೆಕ್ಕ ಇಟ್ಟುಕೊಳ್ಳಿ. ಮೈನಸ್ ಎಲ್ (-l) ಬೇರೆ: ಅದು ಒಂದು ಸಲಕ್ಕೆ ಓದಿ ಬರೆಯುವ ತುಂಡಿನ ಗಾತ್ರ.

ಡಬ್ಲ್ಯೂ ನಿಜವಾಗಿ ದುಡಿಯುವುದು ಯುಡಿಪಿಯಲ್ಲಿ, ಅಲ್ಲಿ ಸ್ವಯಂ ಹೊಂದಾಣಿಕೆಯೇ ಇಲ್ಲ. ಪ್ಯಾಕೆಟ್ ನಷ್ಟ ಕಂಡಾಗ ಸ್ವೀಕರಿಸುವ ಯಂತ್ರದಲ್ಲಿ ನೆಟ್‌ಸ್ಟಾಟ್‌ನ ಯುಡಿಪಿ ಅಂಕಿಅಂಶ ನೋಡಿ. ಸ್ವೀಕಾರ ಬಫರ್ ದೋಷಗಳ ಎಣಿಕೆ ಏರುತ್ತಿದ್ದರೆ ಬಫರ್ ಹೆಚ್ಚಿಸಿ. ಏರದಿದ್ದರೆ ಪ್ಯಾಕೆಟ್ ಬೇರೆಡೆ ಬೀಳುತ್ತಿದೆ.