ಒಪ್ಪಿಗೆಯ ವಿಚ್ಛೇದನವೋ, ವ್ಯಾಜ್ಯದ ವಿಚ್ಛೇದನವೋ: ಸಾಂಕ್ರಾಮಿಕದ ಕಾಲದ ಆಯ್ಕೆ

ಕೋವಿಡ್‌ನಂಥ ಸಾಂಕ್ರಾಮಿಕದ ನಡುವೆ ದಾಂಪತ್ಯ ಮುಗಿಸಲೇಬೇಕಾಗಿ ಬಂದ ಹಾಸನ ಸೀಮೆಯ ಹಿಂದೂ ದಂಪತಿಗೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ದಾರಿಗಳಿವೆ: 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಇಲ್ಲವೇ 13ನೇ ಕಲಮಿನಡಿ ಕ್ರೌರ್ಯ, ಪರಿತ್ಯಾಗ ಮುಂತಾದ ಕಾರಣವನ್ನು ರುಜುವಾತುಪಡಿಸಬೇಕಾದ ವ್ಯಾಜ್ಯ.

ಒಪ್ಪಿಗೆಯ ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಬೇರೆಯಾಗಿ ವಾಸಿಸಿರಬೇಕು. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಕೈಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪಾಟೀಸವಾಲಿನ ಗೊಡವೆ ಇಲ್ಲದ್ದರಿಂದ ವೀಡಿಯೊ ಕಲಾಪಕ್ಕೆ ಇದು ಸುಲಭವಾಗಿ ಒಗ್ಗುತ್ತದೆ. ವ್ಯಾಜ್ಯ ಹಾಗಲ್ಲ: ನ್ಯಾಯಾಲಯ ತುರ್ತು ವಿಷಯಗಳಿಗಷ್ಟೇ ಸೀಮಿತವಾದರೆ ಸಾಕ್ಷ್ಯದ ಹಂತವೇ ಮುಂದಕ್ಕೆ ಹೋಗುತ್ತದೆ, ಸಕಲೇಶಪುರದ ತೋಟದ ಮನೆಯಲ್ಲಿ ಸಿಗ್ನಲ್‌ಗಾಗಿ ಮಾಳಿಗೆ ಹತ್ತುವವರಿಗೆ ವೀಡಿಯೊ ಹಾಜರಾತಿಯೂ ಕಷ್ಟವೇ.

ಮಗುವಿದ್ದರೆ ಮಾತ್ರ ಅವಸರ ಬೇಡ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಹೇಳಿದರೂ ಎಲ್ಲಕ್ಕೂ ಮಿಗಿಲಾದುದು ಮಗುವಿನ ಹಿತ. "ತಂದೆ ಮಗುವನ್ನು ನೋಡಬಹುದು" ಎಂಬ ಒಂದೇ ಸಾಲಿನ ಒಪ್ಪಂದಕ್ಕೆ ಸಹಿ ಹಾಕಿದರೆ, ಜಿಲ್ಲೆಯ ಗಡಿ ಮುಚ್ಚಿದ ದಿನ ಅದು ಯಾವ ನೆರವಿಗೂ ಬಾರದು. ಭಾನುವಾರ ಸಂಜೆ ಐದಕ್ಕೆ ವೀಡಿಯೊ ಕರೆ, ತಪ್ಪಿದ ಭೇಟಿಗೆ ಬದಲಿ ದಿನ, ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಇಷ್ಟನ್ನಾದರೂ ಬರೆಸಿಕೊಳ್ಳಬೇಕು.

ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಒಪ್ಪಿಗೆಯ ಮಾತೇ ನನಗೆ ಸರಿಕಾಣದು. ಅಲ್ಲಿ ವಿಚ್ಛೇದನ ತಡವಾದರೂ ಸರಿಯೆ, ಮೊದಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶವನ್ನೂ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿಯಿಲ್ಲ.